ಬಾಲ ಕತ್ತರಿಸಿ, ನಡು ಮುಟ್ಟಬೇಡಿ

ಪ್ರಶ್ನೆ: ನಮ್ಮೂರು ವಿಜಯಪುರ. ಹತ್ತೊಂಬತ್ತು ವರ್ಷದಿಂದ ಪುಣೆಯ ನಿಗಡಿಯಲ್ಲಿದ್ದೇನೆ. ನಾನೂ ನನ್ನ ಷಡ್ಡಕನೂ ಸೇರಿ ಸೇನೆಯಿಂದ ಹರಾಜಾಗಿ ಬಂದ ಹಳೇ ಶಕ್ತಿಮಾನ್ ಲಾರಿಯೊಂದನ್ನು ಕೊಂಡಿದ್ದೇವೆ. ಅಮೆರಿಕದಲ್ಲಿ ಮಿಲಿಟರಿ ಲಾರಿಗಳನ್ನು ಗಿಡ್ಡ ಮಾಡಿ ಗುಡ್ಡ ಹತ್ತಿಸುವ ವಿಡಿಯೊ ನೋಡಿ ಆಸೆ ಹುಟ್ಟಿದೆ. ಓಡಿಸಲು ಮುಳಶಿ ಕಡೆ ಷಡ್ಡಕನ ಜಮೀನಿದೆ. ಭೋಸರಿಯ ವೆಲ್ಡರ್ ಒಬ್ಬ, 'ಕ್ಯಾಬಿನ್ ಹಿಂದೆ ನಾಲ್ಕಡಿ ತೆಗೆದು ಜೋಡಿಸಿಬಿಡೋಣ, ಎರಡು ದಿನದ ಕೆಲಸ' ಎನ್ನುತ್ತಾನೆ. ಮಾಡಿಸಬಹುದೆ?

ಉತ್ತರ: ಎರಡು ದಿನದ ಕೆಲಸವೇ, ಸುಳ್ಳಲ್ಲ. ಆಮೇಲಿನ ತಲೆನೋವನ್ನು ಅವನು ಲೆಕ್ಕಕ್ಕೆ ಹಿಡಿದಿಲ್ಲ ಅಷ್ಟೆ.

ನೀವು ನೋಡಿದ್ದು ಬಹುಶಃ ಎಂ-35 ಲಾರಿ ಇರಬೇಕು. ಅಮೆರಿಕದ ಸೇನೆಯ ಎರಡೂವರೆ ಟನ್ನಿನ ಗಾಡಿ ಅದು. ಅದಕ್ಕೆ ಮೂರು ಆಕ್ಸಲ್ (ಚಕ್ರ ಹೊತ್ತ ಅಡ್ಡ ದಂಡ): ಮುಂದೊಂದು, ಹಿಂದೆ ಜೋಡಿ. ಅಲ್ಲಿಯವರು ಹಿಂದಿನ ಜೋಡಿಯಲ್ಲಿ ಒಂದನ್ನು ಬಿಚ್ಚಿ ತೆಗೆಯುತ್ತಾರೆ, ಉಳಿದದ್ದಕ್ಕೆ ಬೇರೆ ಪಾಟಾ (ಉಕ್ಕಿನ ಪಟ್ಟಿಗಳ ಸ್ಪ್ರಿಂಗು) ಕಟ್ಟುತ್ತಾರೆ, ಗಾಡಿಯ ಬೆನ್ನೆಲುಬಾದ ಚಾಸಿಯ ಬಾಲ ಕತ್ತರಿಸಿ, ಸರಕು ತುಂಬುವ ತೊಟ್ಟಿಯನ್ನು ಚಿಕ್ಕದು ಮಾಡುತ್ತಾರೆ. ಹತ್ತು ಚಕ್ರದ ಗಾಡಿ ನಾಲ್ಕು ದೊಡ್ಡ ಟೈರಿನ ಮೇಲೆ ನಿಲ್ಲುತ್ತದೆ. ಗಮನಿಸಿ, ಕೆಲಸ ಬಲ್ಲವರು ಅಲ್ಲಿ ನಡುವಿನ ಚಾಸಿಗೆ ಗ್ಯಾಸ್ ಕಟ್ಟರ್ ತಾಗಿಸುವುದಿಲ್ಲ.

ನಿಮ್ಮ ಶಕ್ತಿಮಾನ್ ಜಾತಿಯೇ ಬೇರೆ. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿ ಪಡೆದು 1959ರಿಂದ ಜಬಲ್‌ಪುರದಲ್ಲಿ ಮಾಡಿದ ಗಾಡಿ. ಎರಡೇ ಆಕ್ಸಲ್, ಎರಡಕ್ಕೂ ಎಂಜಿನ್ ಎಳೆತ. ತೆಗೆಯಲು ಹೆಚ್ಚುವರಿ ಆಕ್ಸಲ್ ಇಲ್ಲ. ಹಾಗಾಗಿಯೇ ನಿಮ್ಮ ವೆಲ್ಡರ್ ನಡುವಿಗೆ ಕೈ ಹಾಕುತ್ತಿದ್ದಾನೆ. ಎರಡು ಆಕ್ಸಲ್‌ಗಳ ನಡುವೆಯೇ ಚಾಸಿ ಅತಿ ಹೆಚ್ಚು ಬಾಗುವುದು. ಒಂದು ಚಕ್ರ ಗುಂಡಿಗಿಳಿದು ಇನ್ನೊಂದು ಬಂಡೆ ಏರಿದಾಗ ತಿರುಚಿಕೊಳ್ಳುವುದೂ ಅಲ್ಲೇ.

ಹೀಗೆ ನಡು ಕಡಿದು ಕೂಡಿಸಿದ, ಸೇನೆಯ ಹಳೇ ನಿಸ್ಸಾನ್ ಒನ್ ಟನ್ ಲಾರಿಯೊಂದನ್ನು ಭೋಸರಿಯ ಶೆಡ್ಡೊಂದರಲ್ಲಿ ನೋಡಿದ್ದೆ. ನೇರಕ್ಕೆ ಕಡಿದು, ಕೂಡಿಸಿ, ಹೊರಗಿನಿಂದ ಪಟ್ಟಿ ಇಟ್ಟು ಸುತ್ತಲೂ ವೆಲ್ಡಿಂಗ್ ಎಳೆದಿದ್ದರು. ಕಣ್ಣಿಗೆ ಚೆಂದವೇ ಇತ್ತು. ಸೀಮೆಎಣ್ಣೆ ಸವರಿ, ಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ ಹತ್ತು ನಿಮಿಷ ಚಹಾ ಕುಡಿದು ಬಂದೆವು. ಪಟ್ಟಿ ಮುಗಿಯುವ ಅಂಚಿನಲ್ಲಿ, ಮೇಲಿನಿಂದ ಕೆಳಕ್ಕೆ, ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿತ್ತು. ಬಿರುಕಿನೊಳಗೆ ಇಳಿದ ಎಣ್ಣೆ ಪುಡಿಯನ್ನು ನೆನೆಸಿತ್ತು. ವೆಲ್ಡಿಂಗ್ ಗಟ್ಟಿಯಾಗಿಯೇ ಇತ್ತು, ಅದರ ಕಾವಿಗೆ ಪಕ್ಕದ ಉಕ್ಕು ಸೋತಿತ್ತು.

ನಿಮಗೆ ನನ್ನ ಸಲಹೆ: ಆಕ್ಸಲ್‌ಗಳ ಅಂತರ ಹಾಗೇ ಇರಲಿ. ಹಿಂದಿನ ಪಾಟಾದ ಕೊನೆಯ ಬ್ರಾಕೆಟ್ ಆಚೆ ಚಾಚಿಕೊಂಡಿರುವ ಬಾಲವನ್ನಷ್ಟೇ ತೆಗೆಯಿರಿ, ತೊಟ್ಟಿಯನ್ನು ಅದಕ್ಕೆ ತಕ್ಕಂತೆ ಮೊಟಕು ಮಾಡಿ. ಹಳ್ಳದಿಂದ ಮೇಲೇಳುವಾಗ ನೆಲಕ್ಕೆ ಉಜ್ಜುವುದು ಈ ಬಾಲವೇ. ಅದು ಹೋದರೆ ನಿಮ್ಮ ಅರ್ಧ ಆಸೆ ಈಡೇರಿದಂತೆ. ಕತ್ತರಿಸಿದ ತುದಿಯನ್ನು ಹಾಗೇ ಬಿಡದೆ, ಅಡ್ಡ ತೊಲೆಯೊಂದನ್ನು ಬೋಲ್ಟ್ ಹಾಕಿ ಕೂಡಿಸಿ, ಎಳೆಯುವ ಕೊಂಡಿಯನ್ನು ಅದಕ್ಕೇ ಕಟ್ಟಿ. ಕತ್ತರಿಸುವ ಮೊದಲೇ ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಾಸಿಯಲ್ಲಿ ಉಳಿಯುವ ಭಾಗದ ನಾಲ್ಕು ಮೂಲೆಯಿಂದ ತೂಗುಗುಂಡು ಬಿಟ್ಟು ನೆಲದ ಮೇಲೆ ಗುರುತು ಮಾಡಿ, ಕರ್ಣಗಳನ್ನು ಅಳೆದು ಬರೆದಿಡಿ. ಕೆಲಸ ಮುಗಿದ ಮೇಲೆ ಮತ್ತೆ ಅಳೆಯಿರಿ, ಅಳತೆ ಬದಲಾಗಿದ್ದರೆ ಚಾಸಿ ಸೊಟ್ಟಗಾಗಿದೆ ಎಂದರ್ಥ. ಇನ್ನೊಂದು ಮಾತು: ಎಲ್ಲೇ ವೆಲ್ಡಿಂಗ್ ಮಾಡಿದರೂ ಅರ್ಥ್ ಕ್ಲಾಂಪ್ (ಕರೆಂಟು ಯಂತ್ರಕ್ಕೆ ಮರಳುವ ತಂತಿಯ ಹಿಡಿ) ಆ ಜಾಗದ ಪಕ್ಕದಲ್ಲೇ ಇರಲಿ. ಸೋಮಾರಿತನಕ್ಕೆ ಚಕ್ರದ ಹಬ್ಬಿಗೆ ಸಿಕ್ಕಿಸಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಗೋಲಿಗಳನ್ನು ಸುಡುತ್ತದೆ.

ಬಾಲ ಹೋದ ಮೇಲೆ ಹಿಂಭಾಗ ಹಗುರಾಗಿ, ಪಾಟಾ ಬಗ್ಗದೆ ಗಾಡಿ ಕುಪ್ಪಳಿಸುತ್ತದೆ. ಪಾಟಾದ ಒಂದೆರಡು ಪಟ್ಟಿ ತೆಗೆಸಬಹುದು. ಆಗ ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಯೂ ಬೋಲ್ಟ್‌ಗಳೂ ಹೊಸ ಅಳತೆಯವು ಬೇಕು. ಸ್ವಲ್ಪ ಓಡಿಸಿ ಮತ್ತೊಮ್ಮೆ ಬಿಗಿ ಮಾಡಿಸಿ.

ಕಾಗದಪತ್ರದ ಮಾತನ್ನು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಸೇನೆಯ ನೋಂದಣಿ ಸೇನೆಯೊಂದಿಗೇ ಮುಗಿಯುತ್ತದೆ, ರಸ್ತೆಗಿಳಿಯಬೇಕಾದರೆ ಆರ್‌ಟಿಒದಲ್ಲಿ ಹೊಸದಾಗಿ ನೋಂದಣಿ ಆಗಬೇಕು. ಹರಾಜಿನ ಕಾಗದದಲ್ಲಿ 'ಸ್ಕ್ರ್ಯಾಪ್' ಎಂದಿದೆಯೋ 'ವಾಹನ' ಎಂದಿದೆಯೋ ಮೊದಲು ನೋಡಿ. ಅದರ ಮೇಲೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳನ್ನು ಬದಲಿಸುವುದಕ್ಕೆ ತಡೆ ಹಾಕಿದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ನಮ್ಮ ಪುಣೆಯಲ್ಲೇ ಗಾಡಿಗಳನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಎಆರ್‌ಎಐ ಸಂಸ್ಥೆ ಇದೆಯಲ್ಲ, ಅಲ್ಲಿಂದ ಸರ್ಟಿಫಿಕೇಟ್ ತಂದರಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಶೆಡ್ಡಿನಲ್ಲಿ ಮಾಡಿದ ಒಂಟಿ ಗಾಡಿಗೆ ಅದು ಸುಲಭದ ದಾರಿಯಲ್ಲ. ಮುಳಶಿಯ ಬೇಲಿಯೊಳಗೆ ಓಡಿಸಿ, ಅಲ್ಲಿಗೆ ಒಯ್ಯಲು ಟ್ರೇಲರ್ ಬಾಡಿಗೆ ಹಿಡಿಯಿರಿ.

ಪ್ರಶ್ನೆ: ನಮ್ಮ ಯಜಮಾನರೂ ಮಗನೂ ಸೇನೆಯ ಹಳೇ ಜೋಂಗಾ ಜೀಪು ತಂದು ಆರು ತಿಂಗಳಿಂದ ಖಡಕಿಯ ಗ್ಯಾರೇಜಿನಲ್ಲಿ ಬಿಚ್ಚುತ್ತಾ ಕಟ್ಟುತ್ತಾ ಇದ್ದಾರೆ. ಹಿಂಭಾಗ ಕೊಯ್ದು ಗಿಡ್ಡ ಮಾಡಿದ್ದೂ ಆಯಿತು. ನಾನು ಕೂರುವ ಮೊದಲು ಏನನ್ನು ಪರೀಕ್ಷೆ ಮಾಡಿಸಲಿ?

ಉತ್ತರ: ಬ್ರೇಕ್, ತಾಯಿ. ಬಣ್ಣ, ಹಾರ್ನು, ಸೀಟು ಎಲ್ಲ ಆಮೇಲೆ. ಡಿಪೋದಲ್ಲಿ ವರ್ಷಗಟ್ಟಲೆ ನಿಂತ ಗಾಡಿಯ ಬ್ರೇಕಿನ ರಬ್ಬರ್ ಪೈಪು ಹೊರಗಿನಿಂದ ಚೆನ್ನಾಗೇ ಕಾಣುತ್ತದೆ. ಒಳಗೆ ಉಬ್ಬಿ ದಾರಿ ಕಟ್ಟಿರುತ್ತದೆ. ಪೆಡಲ್ ಒತ್ತಿದರೆ ಬ್ರೇಕ್ ಹಿಡಿಯುತ್ತದೆ, ಬಿಟ್ಟರೆ ಬಿಡುವುದಿಲ್ಲ. ಎರಡು ಕಿಲೋಮೀಟರ್ ಓಡಿಸಿ ಬಂದ ಮೇಲೆ ನಾಲ್ಕು ಡ್ರಮ್‌ಗಳ ಹತ್ತಿರ ಅಂಗೈ ಒಯ್ದು ನೋಡಲು ಮಗನಿಗೆ ಹೇಳಿ. ಒಂದೇ ಒಂದು ಕೆಂಡದಂತೆ ಕಾದಿದ್ದರೆ ಆ ಚಕ್ರದ ಬ್ರೇಕ್ ಬಿಡುತ್ತಿಲ್ಲ, ಅನುಮಾನವೇ ಬೇಡ. ಪೈಪುಗಳನ್ನಂತೂ ಎಲ್ಲ ಹೊಸದು ಹಾಕಿಸಿ, ಉಳಿತಾಯ ಮಾಡುವ ಜಾಗ ಇದಲ್ಲ. ಹಿಂಭಾಗ ಹಗುರಾಗಿರುವುದರಿಂದ ಜೋರಾಗಿ ಬ್ರೇಕ್ ಹೊಡೆದಾಗ ಹಿಂದಿನ ಚಕ್ರ ಮೊದಲು ಜಾಮ್ ಆಗಿ ಗಾಡಿ ಅಡ್ಡ ತಿರುಗಬಹುದು. ಖಾಲಿ ಮೈದಾನದಲ್ಲಿ, ಒದ್ದೆ ಮಣ್ಣಿನ ಮೇಲೆ, ನಿಧಾನ ವೇಗದಲ್ಲಿ ಅವರೇ ಮೊದಲು ಹೊಡೆದು ತೋರಿಸಲಿ. ನೀವು ದೂರ ನಿಂತು ನೋಡಿ.

ಪ್ರಶ್ನೆ: ಹರಾಜಿನ ಜಿಪ್ಸಿಗೆ ಸೇನೆಯ ಹಸಿರು ಬಣ್ಣ ಹಾಗೇ ಉಳಿಸಿಕೊಳ್ಳಬಹುದೆ?

ಉತ್ತರ: ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ಗಾಡಿಗಳಿಗಷ್ಟೇ ಮೀಸಲು. ಮರಳಿನ ಬಣ್ಣ ಹೊಡೆಸಿ, ಕೆಸರೂ ಬೇಗ ಕಾಣುವುದಿಲ್ಲ.