ಪಾಪ್-ಅಪ್ ಕ್ಯಾಂಪರಿನ (ಕಾರಿನ ಹಿಂದೆ ಎಳೆದೊಯ್ಯುವ, ರೂಫ್ ಎತ್ತಿದರೆ ಕ್ಯಾನ್ವಾಸ್ ಗೋಡೆಯ ಡೇರೆಯಾಗುವ ಗಾಡಿ) ರೂಫ್ ಒಂದು ಮೂಲೆಯಲ್ಲಿ ಸರಿಯಾಗಿ ಕೂರುತ್ತಿಲ್ಲ, ಮಳೆನೀರು ಒಳಗೆ ಬರುತ್ತಿದೆ. ರಬ್ಬರ್ ಸೀಲ್ ಬದಲಿಸಿದರೆ ಸಾಕಾ?

ರಬ್ಬರ್ ಈಗಲೇ ಆರ್ಡರ್ ಮಾಡಬೇಡಿ. ಹಾಗೆ ಮಾಡಿ ಒಂದು ಶನಿವಾರ ಕಳೆದುಕೊಂಡವನು ನಾನು.

ನೀವು ಬರೆದಿರುವುದು ಇಷ್ಟು: ಓಹಾಯೋದಲ್ಲಿದ್ದೀರಿ, ಸೆಕೆಂಡ್ ಹ್ಯಾಂಡ್ ಕ್ಯಾಂಪರ್, ಮುಚ್ಚಿದಾಗ ಹಿಂದಿನ ಬಲಮೂಲೆ ಒಂದು ಬೆರಳಿನಷ್ಟು ಎದ್ದು ನಿಲ್ಲುತ್ತದೆ, ಮನೆ ಮುಂದೆ ನಿಲ್ಲಿಸಿದ್ದಾಗ ಮಳೆ ಬಂದರೆ ಆ ಕಡೆಯ ಹಾಸಿಗೆ ಒದ್ದೆ. ಎರಡೂ ಒಂದೇ ಕಾಯಿಲೆ ಅಂದುಕೊಂಡಿದ್ದೀರಿ. ನನಗೇನೋ ಇವು ಎರಡು ಬೇರೆ ಬೇರೆ ಅನ್ನಿಸುತ್ತಿದೆ.

ಯಾಕೆಂದರೆ ಬಹುತೇಕ ಪಾಪ್-ಅಪ್‌ಗಳಲ್ಲಿ ರೂಫಿನ ಅಂಚು ಕೆಳಗಿನ ಪೆಟ್ಟಿಗೆಯ ಹೊರಗೆ ಇಳಿದು ಕೂರುತ್ತದೆ, ಅವಲಕ್ಕಿ ಡಬ್ಬಿಯ ಮುಚ್ಚಳದ ಹಾಗೆ. ನೇರ ಸುರಿಯುವ ಮಳೆಯನ್ನು ತಡೆಯುವುದು ಆ ಅಂಚು. ರಬ್ಬರ್ ಇರುವುದು ಮುಖ್ಯವಾಗಿ ಧೂಳಿಗೆ, ಬೀಸುಗಾಳಿಯ ಎರಚಲಿಗೆ, ಹೈವೇಯಲ್ಲಿ ಮುಂದಿನ ಟ್ರಕ್ ಹಾರಿಸುವ ನೀರಿಗೆ. ಎಳೆದುಕೊಂಡು ಹೋಗುವಾಗ ಮಾತ್ರ ಒಳಗೆ ಒದ್ದೆಯಾದರೆ ರಬ್ಬರಿನ ಮೇಲೆ, ಅದರಲ್ಲೂ ಮುಂಭಾಗದ ರಬ್ಬರಿನ ಮೇಲೆ ಅನುಮಾನ ಪಡಿ. ಗಾಳಿಯಿಲ್ಲದ ಮಳೆಯಲ್ಲಿ ನಿಂತಲ್ಲೇ ಸೋರಿದರೆ ನೀರು ಮೇಲಿನಿಂದಲೇ ಬರುತ್ತಿದೆ.

ನಮ್ಮದು ಹಾಗೇ ಆಯಿತು. ಮಿಷಿಗನ್ನಿನ ಮರಳುದಿಬ್ಬಗಳ ತಾಣ ಸ್ಲೀಪಿಂಗ್ ಬೇರ್ ಡ್ಯೂನ್ಸ್‌ಗೆ ಹೊರಡುವ ಹಿಂದಿನ ದಿನ ನೋಡಿದರೆ ಮಗಳ ಹಾಸಿಗೆಯ ಮೂಲೆ ತೊಪ್ಪೆ. ಸುತ್ತಲಿನ ರಬ್ಬರ್ ಪೂರ್ತಿ ಕಿತ್ತು ಹೊಸದು ಅಂಟಿಸಿದೆ. ಮುಂದಿನ ಮಳೆಗೆ ಮತ್ತೆ ಅಷ್ಟೇ ಒದ್ದೆ. ಆಮೇಲೆ ರೂಫ್ ಎತ್ತಿ, ಮಗಳ ಕೈಗೆ ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ಹೊರಗಿನಿಂದ ಹೋಸಿನಲ್ಲಿ ಮೆಲ್ಲಗೆ ನೀರು ಬಿಟ್ಟೆ. ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಒಂದೊಂದು ಜಾಗದಲ್ಲಿ ಐದು ನಿಮಿಷ. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆ ನೀರು ಇಳಿದು ಏನೂ ಗೊತ್ತಾಗುವುದಿಲ್ಲ. ಪ್ರೆಶರ್ ವಾಷರ್ ಅಂತೂ ಬೇಡವೇ ಬೇಡ. ಆನಿಂಗ್ (ಹೊರಗೆ ಚಾಚುವ ನೆರಳಿನ ಬಟ್ಟೆ) ಕೂರಿಸುವ ಅಲ್ಯೂಮಿನಿಯಂ ಪಟ್ಟಿಯ ಮೇಲೆ ನೀರು ಬಿದ್ದ ಎರಡು ನಿಮಿಷಕ್ಕೆ "ಅಪ್ಪಾ, ಬಂತು!" ಅಂತ ಕೂಗಿದಳು. ಬಂದಿದ್ದು ಮಾತ್ರ ಅಲ್ಲಿಂದ ಮೂರು ಅಡಿ ದೂರದ ಮೂಲೆಯಲ್ಲಿ. ಮಲೆನಾಡಿನ ಸಾಗರದ ಕಡೆ ಹಂಚಿನ ಮನೆಯಲ್ಲಿ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು; ಒಡೆದ ಹಂಚು ಒಂದು ಕಡೆ, ನೀರು ರೀಪಿನ ಗುಂಟ ಹರಿದು ತೊಟ್ಟಿಕ್ಕುವುದು ಇನ್ನೊಂದು ಕಡೆ.

ಪಟ್ಟಿಯೊಳಗಿನ ಪ್ಲಾಸ್ಟಿಕ್ ರಿಬ್ಬನ್ ಎಳೆದು ತೆಗೆದಾಗ ಸ್ಕ್ರೂಗಳೆಲ್ಲ ತುಕ್ಕು. ಒಂದು ತೂತಿಗೆ ಸ್ಕ್ರೂಡ್ರೈವರ್ ಚುಚ್ಚಿದೆ, ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಮರ ಒಳಗೆ ಕುಸಿಯಿತು. ಹಿಂದಿನ ಮಾಲೀಕ ಅದರ ಮೇಲೆಲ್ಲ ಸಿಲಿಕೋನ್ ಬಳಿದಿದ್ದ. ಸಿಲಿಕೋನ್ ಒಮ್ಮೆ ಹಾಕಿದರೆ ಅದರ ಮೇಲೆ ಇನ್ಯಾವುದೂ ಹಿಡಿಯುವುದಿಲ್ಲ, ಕೆರೆದು ತೆಗೆಯಲು ನನಗೆ ಎರಡು ಸಂಜೆ ಹಿಡಿಯಿತು. ನೀವು ಪಟ್ಟಿ ಬಿಚ್ಚಿದರೆ ಅದರಡಿ ಬ್ಯೂಟೈಲ್ ಟೇಪ್ (ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ) ಇಟ್ಟು ಬಿಗಿಮಾಡಿ, ಹೊರಗೆ ಹಿಂಡಿ ಬಂದದ್ದನ್ನು ಕತ್ತರಿಸಿ. ಮೂಲೆಯ ಪ್ಲಾಸ್ಟಿಕ್ ಟೊಪ್ಪಿಗಳು, ಮೇಲಿನ ವೆಂಟ್ ಸುತ್ತಲಿನ ಸ್ಕ್ರೂಗಳನ್ನೂ ಬಿಡಬೇಡಿ.

ಈಗ ನಿಮ್ಮ ಎದ್ದು ನಿಂತ ಮೂಲೆ. ಮೊದಲು ಕ್ಯಾಂಪರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನಾಲ್ಕು ಮೂಲೆಯ ಜ್ಯಾಕ್‌ಗಳನ್ನು ಪೂರ್ತಿ ಮೇಲೆತ್ತಿ ನೋಡಿ. ಅವು ಅಲುಗಾಟ ತಡೆಯಲು ಇರುವುದು, ಭಾರ ಹೊರಲು ಅಲ್ಲ. ಒಂದನ್ನು ಜಾಸ್ತಿ ತಿರುಗಿಸಿದರೆ ಕೆಳಗಿನ ಚೌಕಟ್ಟೇ ತಿರುಚಿಕೊಂಡು, ರೂಫ್ ಸರಿಯಿದ್ದರೂ ವಾರೆಯಾಗಿ ಕೂತ ಹಾಗೆ ಕಾಣುತ್ತದೆ. ಆಮೇಲೆ ಆ ಮೂಲೆಯಲ್ಲಿ ಕ್ಯಾನ್ವಾಸ್ ಮಡಿಕೆ ಸಿಕ್ಕಿಕೊಂಡಿದೆಯಾ ನೋಡಿ. ಎಷ್ಟೋ ಸಲ ಉತ್ತರ ಇಲ್ಲೇ ಇರುತ್ತದೆ. ಹಾಸಿಗೆಯ ಮೇಲೆ ದಪ್ಪ ರಜಾಯಿ ಬಿಟ್ಟು ಮುಚ್ಚಿದರೂ ಇದೇ ಕಥೆ.

ಇದ್ಯಾವುದೂ ಅಲ್ಲದಿದ್ದರೆ ಎತ್ತುವ ಕಂಬದ ಸರದಿ. ಕಂಬಗಳು ಒಂದರೊಳಗೊಂದು ಇಳಿಯುವ ಕೊಳವೆಗಳು, ಕೇಬಲ್ ಎಳೆದಂತೆ ಏಳುತ್ತವೆ. ಒಂದರಲ್ಲಿ ಮಣ್ಣು ತುಂಬಿದ್ದರೆ ಅದು ಕೊನೆಯ ಒಂದು ಇಂಚು ಇಳಿಯುವುದಿಲ್ಲ. ಒರೆಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ (ಅಂಟಿಸುವ ಸಿಲಿಕೋನ್ ಅಲ್ಲ ಮಾರಾಯ್ರೆ). ಗ್ರೀಸ್ ಬೇಡ, ಧೂಳು ಹಿಡಿಯುತ್ತದೆ. ಆ ಕೇಬಲ್ ಸುತ್ತುವ ರಾಟೆಯ, ಅಂದರೆ ವಿಂಚಿನ ಬ್ರೇಕ್ ಪ್ಲೇಟಿಗೆ ಎಣ್ಣೆ ಬಿಟ್ಟರೆ ರೂಫ್ ಜಾರಿ ಬೀಳುತ್ತದೆ, ಹುಷಾರು. ಎತ್ತಿದ ರೂಫಿನ ಕೆಳಗೆ ಕೈಹಾಕುವ ಮುಂಚೆ ನಾಲ್ಕು ಮೂಲೆಗೂ ಅಳತೆಗೆ ಕತ್ತರಿಸಿದ ಮರದ ಆಸರೆ ಕೊಡಿ. ಕೇಬಲ್ ಎಳೆ ಬಿಚ್ಚಿಕೊಂಡಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಗೊತ್ತಿದ್ದವರನ್ನು ಕರೆಸಿ.

ರೂಫ್ ಸಮ ಕೂತಮೇಲೆ ಮಾತ್ರ ರಬ್ಬರ್. ಅದರ ದಪ್ಪ ತಿಳಿಯಲು ನಾನು ಮಾಡುವುದು: ಚಪಾತಿ ಹಿಟ್ಟಿನ ನಿಂಬೆಕಾಯಿ ಗಾತ್ರದ ಉಂಡೆಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಹಳೆ ರಬ್ಬರ್ ಕಿತ್ತ ಅಂಚಿನ ಮೇಲೆ ಎರಡೆರಡು ಅಡಿಗೆ ಒಂದರಂತೆ ಇಟ್ಟು, ರೂಫ್ ಇಳಿಸಿ, ಲ್ಯಾಚ್ ಹಾಕಿ ಮತ್ತೆ ತೆಗೆಯುವುದು. ಚಪ್ಪಟೆಯಾದ ಹಿಟ್ಟಿನ ದಪ್ಪವೇ ಸಂದಿಯ ಅಳತೆ. ಹೆಂಡತಿ ನಕ್ಕಳು, ಆದರೆ ಲೆಕ್ಕ ತಪ್ಪಲಿಲ್ಲ. ಸಂದಿ 8 ಮಿಲಿಮೀಟರ್ ಇದ್ದರೆ 10 ಅಥವಾ 12 ಮಿಲಿಮೀಟರ್ ದಪ್ಪದ ಇಪಿಡಿಎಂ (ಬಿಸಿಲು-ಮಳೆ ತಾಳುವ ಬಗೆಯ) ರಬ್ಬರ್ ತನ್ನಿ. ಅದಕ್ಕಿಂತ ದಪ್ಪ ತಂದು ಲ್ಯಾಚ್ ಎಳೆದು ಒತ್ತಬೇಡಿ, ಲ್ಯಾಚೇ ಕಿತ್ತುಬರುತ್ತದೆ. ಅಂಚನ್ನು ಆಲ್ಕೋಹಾಲಿನಲ್ಲಿ ಒರೆಸಿ, ಬಿಸಿಲಿದ್ದ ದಿನ ಅಂಟಿಸಿ. ಅಂಟಿಸುವಾಗ ಎಳೆದು ಹಿಡಿಯಬೇಡಿ. ಆಮೇಲೆ ಅದು ಕುಗ್ಗಿ ಜೋಡಣೆಯಲ್ಲಿ ಬಾಯಿ ಬಿಡುತ್ತದೆ. ಆ ಜೋಡಣೆ ಹಿಂಭಾಗದ ಮಧ್ಯದಲ್ಲಿ ಬರಲಿ, ಮುಂದೆ ಬೇಡ.

ನಾಲ್ಕೂ ಮೂಲೆಯ ಹಿಟ್ಟಿನ ದಪ್ಪ ಅಳೆದು ಬರೆಯಿರಿ, ಎಷ್ಟು ದಪ್ಪದ್ದು ತರಿಸಬೇಕೆಂದು ಹೇಳುತ್ತೇನೆ. ಅಷ್ಟರಲ್ಲಿ ಆ ಒದ್ದೆ ಹಾಸಿಗೆ, ಕ್ಯಾನ್ವಾಸ್ ಎರಡನ್ನೂ ಬಿಡಿಸಿ ಬಿಸಿಲಿಗೆ ಹಾಕಿ. ಮುಚ್ಚಿಟ್ಟರೆ ಕೆಲವೇ ದಿನಕ್ಕೆ ಬೂಸಲು ಹಿಡಿಯುತ್ತದೆ.