ಅಜ್ಜನ ಮನೆಯ ಕೆಂಪು

ಓದುಗರ ಪತ್ರ: ನಾವು ಐವರು ಗೆಳೆಯರು ಹದಿನೈದು ನಿಮಿಷದ ಕಿರುಚಿತ್ರವೊಂದನ್ನು ಮಾಡುತ್ತಿದ್ದೇವೆ. ಅಜ್ಜನ ಮನೆ ಮಾರಾಟವಾಗುವ ಹಿಂದಿನ ದಿನದ ಕಥೆ. ನಮ್ಮದೇ ಹಳೆಯ ಮನೆಯಲ್ಲಿ ಶೂಟಿಂಗ್. ಕೈಯಲ್ಲಿರುವುದು 40,000 ರೂಪಾಯಿ. ಕಲಾ ನಿರ್ದೇಶನಕ್ಕೆ ಹಣ ಹಾಕುವುದು ದಂಡ, ಬಣ್ಣವನ್ನೆಲ್ಲ ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಬಹುದು ಎನ್ನುತ್ತಾನೆ ಕ್ಯಾಮೆರಾ ಹಿಡಿಯುವ ಗೆಳೆಯ. ನೀವೇನು ಹೇಳುತ್ತೀರಿ?
– ಒಬ್ಬ ಓದುಗ, ಪೆರ್ಲ

ಸಂಪಾದಕರ ಉತ್ತರ:

ನಿಮ್ಮ ಗೆಳೆಯರ ಮಾತು ಪೂರ್ತಿ ಸುಳ್ಳೇನಲ್ಲ. ಬೆಳಗ್ಗೆ ತೆಗೆದ ಶಾಟನ್ನೂ ಮಧ್ಯಾಹ್ನದ ಶಾಟನ್ನೂ ಹೊಂದಿಸಲು ಗ್ರೇಡಿಂಗ್, ಎಂದರೆ ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವ ಕೆಲಸ, ಬೇಕೇ ಬೇಕು. ಅಷ್ಟನ್ನು ಒಪ್ಪಿದೆ.

ಆದರೆ ನಮ್ಮ ಕಾಸರಗೋಡಿನ ಪೆರ್ಲದ ಕಡೆಯ ಹಳೆಯ ಮನೆಯೆಂದರೆ ಮುರಕಲ್ಲಿನ ಗೋಡೆ, ತಿಕ್ಕಿ ತಿಕ್ಕಿ ನುಣುಪಾದ ಕಾವಿ ನೆಲ. ಕಲ್ಲಿನ ಕೆಂಪು, ನೆಲದ ಕೆಂಪು, ನಮ್ಮವರ ಮೈಬಣ್ಣ ಮೂರೂ ಒಂದೇ ಬಳಗ. ಕಂಪ್ಯೂಟರಿನಲ್ಲಿ ಗೋಡೆಯ ಕೆಂಪನ್ನು ಇಳಿಸಹೊರಟರೆ ಅಜ್ಜನ ಮುಖವೂ ರಕ್ತ ಬತ್ತಿದ ಹಾಗಾಗುತ್ತದೆ. ಮುಖವನ್ನು ಗೋಡೆಯಿಂದ ಬಿಡಿಸಬೇಕಾದರೆ ಒಂದೊಂದು ಶಾಟಿಗೂ ಗಂಟೆಗಟ್ಟಲೆ ಕೂರಬೇಕು. ಅದೇ ಅಜ್ಜನ ಬೆನ್ನ ಹಿಂದೆ ಹಗ್ಗ ಕಟ್ಟಿ ಮಾಸಿದ ಒಂದು ಬೈರಾಸು (ಟವೆಲು) ನೇತುಹಾಕಿ ನೋಡಿ, ಮುಖ ತಾನಾಗಿ ಎದ್ದು ಬರುತ್ತದೆ. ಪಂಚೆ ತೀರಾ ಬೆಳ್ಳಗಿದ್ದರೆ ಬಿಸಿಲಿನಲ್ಲಿ ಕ್ಯಾಮೆರಾಕ್ಕೆ ಅದರ ನೆರಿಗೆಯೇ ಕಾಣುವುದಿಲ್ಲ. ಹಾಲು ಹಾಕದ ಚಹಾದಲ್ಲಿ ಅದ್ದಿ ಒಣಗಿಸಿ. ಅಡಿಕೆ ತೋಟದಲ್ಲಿ ಶಾಟ್ ಇದ್ದರೆ ಸೋಗೆಯ ಹಸಿರು ಮುಖಕ್ಕೆ ಬಡಿದು ಮನುಷ್ಯ ಕಾಯಿಲೆಯವನ ಹಾಗೆ ಕಾಣುತ್ತಾನೆ. ಪಕ್ಕದಲ್ಲಿ ಯಾರಾದರೂ ಬಿಳಿ ಬಟ್ಟೆ ಹಿಡಿದು ನಿಲ್ಲಲಿ. ಇದಕ್ಕೆಲ್ಲ ನಿಮ್ಮ ನಲವತ್ತು ಸಾವಿರದಲ್ಲಿ ನೂರು ರೂಪಾಯಿಯೂ ಕರಗುವುದಿಲ್ಲ.

ಈ ಪಾಠ ನನಗೆ ಸಿಕ್ಕಿದ್ದು ಯಕ್ಷಗಾನದ ಆಟಕ್ಕೆ ವೇಷ ಕಟ್ಟುವ ಚೌಕಿಯಲ್ಲಿ. ಚಿಕ್ಕಂದಿನಲ್ಲಿ ನಮ್ಮೂರಿನ ಒಬ್ಬರು ಬಣ್ಣದ ವೇಷಧಾರಿಯ (ರಕ್ಕಸರ ಪಾತ್ರ ಮಾಡುವವರ) ಪಕ್ಕ ಕೂತು ರಾತ್ರಿಗಟ್ಟಲೆ ನೋಡಿದ್ದೇನೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಬಿಳಿ ಮುಳ್ಳುಗಳಂಥ ಚುಟ್ಟಿ ಇಡುತ್ತಾ ಹೋಗುವರು. ಎಲ್ಲ ಮುಗಿದ ಮೇಲೆ ಕನ್ನಡಿಯನ್ನು ದೂರ ಸರಿಸಿ, ಕಣ್ಣು ಅರ್ಧ ಮುಚ್ಚಿ ನೋಡಿಕೊಳ್ಳುವರು. ಯಾಕೆಂದು ಕೇಳಿದ್ದಕ್ಕೆ, ‘ಕಡೇ ಸಾಲಿನವನಿಗೆ ನಾನು ಹೀಗೇ ಕಾಣುವುದು ಮಗಾ’ ಎಂದಿದ್ದರು. ದೊಂದಿಯ ಬೆಳಕಿನಲ್ಲಿ ಕೆಂಪೂ ಹಳದಿಯೂ ಉರಿಯುತ್ತವೆ, ನೀಲಿ ಸತ್ತು ಕಪ್ಪಾಗುತ್ತದೆ. ಇಂಗಳೀಕದ ಕೆಂಪು, ಅರದಾಳದ ಹಳದಿ, ಕಾಡಿಗೆಯ ಕಪ್ಪುಗಳಲ್ಲಿ ಮುಖ ಬರೆದ ಹಿರಿಯರು ಬೆಳಕನ್ನು ಅರಿತೇ ಬಣ್ಣ ಆರಿಸಿದ್ದರು. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿದ ನಿಮಗೆ ಬಣ್ಣ ಕಲಿಯಲು ಬೇರೆ ಶಾಲೆ ಯಾಕೆ ಬೇಕು?

ಸಿನಿಮಾದಲ್ಲೂ ದೊಡ್ಡವರೆಲ್ಲ ಹೀಗೆಯೇ ಮಾಡಿದ್ದು. ಕಾಶ್ಮೀರದಿಂದ ಕಲ್ಕತ್ತೆಗೆ ಬಂದ ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ಗೆ (1956) ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದೊಳಗೇ ಕಟ್ಟಿದರು. ಛಾಯಾಗ್ರಾಹಕ ಸುಬ್ರತ ಮಿತ್ರ ಅದರ ಮೇಲೆ ಬಟ್ಟೆ ಬಿಗಿದು ಆಕಾಶದಿಂದ ಇಳಿದಂಥ ಬೆಳಕು ತಂದರು. ಕಪ್ಪುಬಿಳುಪು ಚಿತ್ರಕ್ಕೇ ಅಷ್ಟು ಶ್ರದ್ಧೆ! ನಮ್ಮ ಜಿ.ವಿ. ಅಯ್ಯರ್ ಅವರ ಜೊತೆ ದುಡಿದ ಪಿ. ಕೃಷ್ಣಮೂರ್ತಿ ಮದರಾಸಿನ ಕಲಾಶಾಲೆಯಲ್ಲಿ ಚಿತ್ರ ಬರೆಯಲು ಕಲಿತವರು. ‘ಮಧ್ವಾಚಾರ್ಯ’ದ ಕಲಾ ನಿರ್ದೇಶನಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಇವರ ಕಾಲದಲ್ಲಿ ‘ಆಮೇಲೆ ನೋಡೋಣ’ ಎನ್ನುವ ಸೌಕರ್ಯವೇ ಇರಲಿಲ್ಲ.

ನನ್ನ ಹೊಟ್ಟೆಯೊಳಗಿನ ಸಂಕಟವನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಸಂಬಂಧಿಕರ ಮನೆಯನ್ನು ಒಂದು ತಂಡ ಶೂಟಿಂಗಿಗೆ ಕೇಳಿತು. ಕೊಟ್ಟರು. ಮೂರನೆಯ ದಿನ ಹೋಗಿ ನೋಡಿದರೆ ಚಾವಡಿಯ ಮುರಕಲ್ಲಿಗೆ ನೀಲಿ ಎನಾಮಲ್ ಬಳಿದಿದ್ದಾರೆ, ‘ಲುಕ್’ ಬರಲೆಂದು. ಮುರಕಲ್ಲು ತೂತುತೂತಿನ ಕಲ್ಲು, ಒಳಗಿಳಿದ ಬಣ್ಣ ಕೆರೆದರೂ ಬರುವುದಿಲ್ಲ. ಆ ಮನೆಯ ಅತ್ತೆ ಸಾಯುವವರೆಗೂ ಆ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದರು.

1956ರ ನವೆಂಬರ್ 1ಕ್ಕೆ ಕಾಸರಗೋಡಿನ ನಾವು ಕೇರಳಕ್ಕೆ ಸೇರಿದೆವು. ಅಂದಿನಿಂದ ಬೆಂಗಳೂರಿನ ಕ್ಯಾಮೆರಾಕ್ಕೆ ಕಾಸರಗೋಡೆಂದರೆ ಬೇಕಲ ಕೋಟೆ, ತೆಂಕಣ ಕೇರಳದ ಕ್ಯಾಮೆರಾಕ್ಕೆ ತೆಯ್ಯಂ ಎಂಬ ದೈವದ ವೇಷದ ಕೆಂಪು. ನಡುವೆ ಕನ್ನಡ ಮಾತಾಡುವ ಮನೆಗಳ ಜಗಲಿ, ಸೆಗಣಿಗೆ ಮಸಿ ಬೆರೆಸಿ ಸಾರಿಸಿದ ಅಂಗಳದ ಕಪ್ಪು, ಅದರ ಮೇಲೆ ಹರವಿದ ಅಡಿಕೆಯ ಹೊಂಬಣ್ಣ, ಇವು ಯಾರ ಪರದೆಗೂ ಬೇಡವಾದವು. ಹೊರಗಿನವರನ್ನು ದೂರಿ ಏನು ಫಲ? ಕಾವಿ ನೆಲದ ಮೇಲೆ ಹೊಳೆಯುವ ಟೈಲ್ಸ್ ಹಾಸಿದವರು ನಾವೇ. ನಿಮ್ಮ ಪತ್ರದಲ್ಲೂ ಮನೆಯ ಬಗ್ಗೆ ‘ಹಳೆಯ’ ಎಂಬ ಒಂದು ಮಾತು ಬಿಟ್ಟು ಬೇರೇನೂ ಇಲ್ಲ. ನೆಲ ಯಾವ ಬಣ್ಣ, ಕಿಟಕಿ ಯಾವ ದಿಕ್ಕಿಗೆ ಎಂದು ಬರೆಯಬೇಕೆಂದು ನಿಮಗೆ ಅನ್ನಿಸಲೇ ಇಲ್ಲವಲ್ಲ! ಬೇಸರಿಸಬೇಡಿ. ಮಾರಾಟದ ಹಿಂದಿನ ದಿನವನ್ನು ಕಥೆಯಾಗಿ ಹಿಡಿದವರು ನೀವು. ಕಣ್ಣಿರುವುದರಿಂದಲೇ ಗದರುತ್ತಿದ್ದೇನೆ.

ಕಲಾ ನಿರ್ದೇಶಕರನ್ನು ಹಣ ಕೊಟ್ಟು ಕರೆಸಬೇಡಿ. ಐವರಲ್ಲಿ ಒಬ್ಬರಿಗೆ ಅದೊಂದೇ ಕೆಲಸ ಕೊಡಿ. ಆ ಮನೆಯಲ್ಲಿ ಮುಂಜಾನೆಯಿಂದ ಸಂಜೆವರೆಗೆ ಒಂದು ದಿನ ಅವರು ಸುಮ್ಮನೆ ಕೂರಲಿ. ಯಾವ ಹೊತ್ತಿಗೆ ಯಾವ ನೆಲ ಬೆಳಗುತ್ತದೆಂದು ಬರೆದುಕೊಳ್ಳಲಿ. ಕೆಂಪು, ಕಪ್ಪು, ಮಾಸಿದ ಬಿಳಿ, ಅಡಿಕೆಯ ಹಳದಿ, ಇಷ್ಟರಲ್ಲೇ ಚಿತ್ರ ನಡೆಯಲಿ. ನೀಲಿ ಎಲ್ಲೂ ಬೇಡ, ಕೊಡಪಾನದಲ್ಲೂ ಬೇಡ, ಬಕೆಟಿನಲ್ಲೂ ಬೇಡ. ಹತ್ತನೆಯ ನಿಮಿಷಕ್ಕೆ ಮನೆ ಕೊಳ್ಳುವವನನ್ನು ಕರೆತನ್ನಿ, ಅವನ ಕೈಯಲ್ಲಿ ನೀಲಿ ಪ್ಲಾಸ್ಟಿಕ್ ಫೈಲು ಕೊಡಿ. ಅವನು ಅದನ್ನು ಕಾವಿ ನೆಲದ ಮೇಲೆ ಇಡಲಿ. ಅಜ್ಜ ಮಾತಾಡಬೇಕಾಗಿಯೇ ಇಲ್ಲ.

ಅಂಗಳದಲ್ಲಿ ಅಡಿಕೆಗೆ ಹೊದಿಸುವ ನೀಲಿ ಟಾರ್ಪಾಲು ಇದ್ದೇ ಇರುತ್ತದೆ. ಶೂಟಿಂಗ್ ಮುಗಿಯುವವರೆಗೆ ಅದನ್ನು ಮಡಚಿ ಅಟ್ಟಕ್ಕೆ ಹಾಕಿ.