ಪುಡಿಯ ಪೊಟ್ಟಣ ಮಗಳ ಕೈಗೆ ಹೇಗೆ ಬಂತು?

ಬನಹಟ್ಟಿಯಿಂದ ಬಂದ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಆಮೇಲೆ ಈ ವಾರ ಬೇರೆ ಯಾವ ಪತ್ರಕ್ಕೂ ಉತ್ತರ ಬರೆಯಲು ಮನಸ್ಸಾಗಲಿಲ್ಲ.

ಸಂಗತಿ ಇಷ್ಟು. ಗಂಡ ವಿದ್ಯುತ್ ಮಗ್ಗದ ನೇಕಾರ, ಹನ್ನೊಂದು ವರ್ಷದ ಕುಡಿತ. ವಾರದ ಪಗಾರದಲ್ಲಿ ಮನೆಗೆ ಬರುವುದು ಅರ್ಧ. ಹೆಂಡತಿ ಕಂಡಿಕೆ ಸುತ್ತಿ ಸಂಘದ ಸಾಲದ ಕಂತು ಕಟ್ಟುತ್ತಾರೆ. ಶ್ರಾವಣದಲ್ಲಿ ಬಿಡುತ್ತೇನೆಂದು ದೇವರ ಮುಂದೆ ಆಣೆ ಮಾಡಿದ ಗಂಡ ಎರಡನೇ ದಿನವೇ ಕೈನಡುಕ ತಾಳದೆ ಬಾರ್ ಹತ್ತಿದರು. ಅಲ್ಲಿಯ ಉದ್ದರಿಯನ್ನು ಭಾವನವರು ತೀರಿಸುತ್ತಾರೆ. ಇವರನ್ನು ಬಿಡಿಸುವುದು ಹೇಗೆ ಎಂಬುದು ಪ್ರಶ್ನೆ.

ತಂಗಿ, ಆ ಪ್ರಶ್ನೆ ಸ್ವಲ್ಪ ಕಾಯಲಿ. ಮೂರನೇ ಪುಟದಲ್ಲಿ, ಕಂತಿನ ಲೆಕ್ಕ ಮತ್ತು ಅತ್ತೆಯ ಮೊಣಕಾಲು ನೋವಿನ ನಡುವೆ ನೀವು ಹೀಗೆ ಬರೆದಿದ್ದೀರಿ: "ಭಾವನವರು ಕುಡಿತ ಬಿಡಿಸುವ ಪುಡಿ ತಂದುಕೊಟ್ಟಿದ್ದಾರೆ. ನಾನು ಬಡಿಸಿದರೆ ಇವರಿಗೆ ಸಂಶಯ, ಅದಕ್ಕೆ ಮಗಳೇ ಪಲ್ಯದಲ್ಲಿ ಕಲಸಿ ಕೊಡುತ್ತಾಳೆ." ಒಂದು ರಾತ್ರಿ ಕುಡಿದು ಬಂದವರ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ ನೆಲಕ್ಕೆ ಒರಗಿದರು. "ಪುಡಿ ನಾಟಿತು ಎಂದು ನಮಗೆ ಸಮಾಧಾನವಾಯಿತು, ಮಗಳು ಮಾತ್ರ ಎರಡು ದಿನ ಊಟ ಬಿಟ್ಟಳು."

ಒಂಬತ್ತನೇ ತರಗತಿಯ ಹುಡುಗಿ ಎರಡು ದಿನ ಊಟ ಬಿಟ್ಟಿದ್ದಕ್ಕೆ ನಾಲ್ಕು ಪುಟದಲ್ಲಿ ಸಿಕ್ಕಿದ್ದು ಅರ್ಧ ಸಾಲು. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರ ತಲೆಯ ಮೇಲೆ ಎಲ್ಲರಿಗಿಂತ ದೊಡ್ಡ ಗುಟ್ಟು ಹೊರಿಸಬೇಡಿ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಲೆಕ್ಕವಿಟ್ಟಿಲ್ಲ. ತನ್ನ ಕೈಯಿಂದ ತುತ್ತು ತಿಂದ ಅಪ್ಪ ಸತ್ತೇ ಹೋಗುತ್ತಿದ್ದ ಎಂದು ಆ ಹುಡುಗಿಗೆ ಅನ್ನಿಸಿರಬೇಕು. ಅವಳ ಹೆದರಿಕೆ ಸುಳ್ಳೂ ಅಲ್ಲ.

ಪೊಟ್ಟಣದಲ್ಲಿ ಏನಿದೆ ಎಂಬುದು ಕೊಟ್ಟವನಿಗೇ ಗೊತ್ತು. ಆದರೆ ಆ ರಾತ್ರಿಯ ಲಕ್ಷಣಗಳು ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ನೆನಪಿಸುತ್ತವೆ. ಅದು ಹೊಟ್ಟೆಯಲ್ಲಿದ್ದಾಗ ಕುಡಿದರೆ ಮದ್ಯ ದೇಹದಲ್ಲಿ ಪೂರ್ತಿ ಕರಗದೆ ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ನಿಲ್ಲುತ್ತದೆ. ರಕ್ತದೊತ್ತಡ ಕುಸಿಯಬಹುದು, ಹೃದಯ ದುರ್ಬಲವಾಗಿದ್ದರೆ ಪ್ರಾಣವೇ ಹೋಗಬಹುದು. 1940ರ ದಶಕದಲ್ಲಿ ಡೆನ್ಮಾರ್ಕ್‌ನ ಇಬ್ಬರು ಸಂಶೋಧಕರು ಹೊಟ್ಟೆಹುಳದ ಔಷಧಿಯಾಗಿ ಇದನ್ನು ಪರೀಕ್ಷಿಸುತ್ತ ತಾವೇ ನುಂಗಿ, ಆಮೇಲೆ ಕುಡಿದು ಅಸ್ವಸ್ಥರಾದಾಗ ಇದರ ಗುಣ ತಿಳಿಯಿತು. ಅವರಿಗಾದರೂ ತಾವು ಏನು ನುಂಗಿದ್ದೇವೆಂದು ಗೊತ್ತಿತ್ತು. ವೈದ್ಯರು ಇದನ್ನು ಕೊಡುವುದು ರೋಗಿ ಒಪ್ಪಿದ ಮೇಲೆ, ಯಕೃತ್ತು, ಹೃದಯ ಪರೀಕ್ಷಿಸಿ, ಕನಿಷ್ಠ 12 ಗಂಟೆ ಕುಡಿಯದೆ ಇದ್ದ ಮೇಲೆ. ನಿಲ್ಲಿಸಿದ ಬಳಿಕವೂ ಎರಡು ವಾರದವರೆಗೆ ಕುಡಿದರೆ ಅಪಾಯ ತಪ್ಪಿದ್ದಲ್ಲ.

ನಿಮ್ಮ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ, ಭಾವನವರ ಮೇಲೆ ಬಹಳ. ಮನೆತನದ ಹೆಸರು ಕೆಡಬಾರದೆಂದು ಅವರು ಉದ್ದರಿ ತೀರಿಸುವುದರಿಂದಲೇ ಬಾರಿನವನು ಮತ್ತೆ ಉದ್ದರಿ ಕೊಡುತ್ತಾನೆ. ಪುಡಿ ತಂದರು, ಬಡಿಸುವ ಧೈರ್ಯ ಮಾತ್ರ ಹುಡುಗಿಯಿಂದ ಎರವಲು ಪಡೆದರು. ಮುಂದಿನ ಸಲ ಕೋಣೆಯಲ್ಲಿ ಕೂಡಿಹಾಕಿ ಬಿಡಿಸುತ್ತೇನೆ ಎಂದಿದ್ದಾರಂತೆ. ಅದಂತೂ ಬೇಡವೇ ಬೇಡ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಬುದ್ಧಿಭ್ರಮೆ. ಶ್ರಾವಣದ ಆ ನಡುಕ ನಾಟಕವಾಗಿರಲಿಲ್ಲ. ಕಡಿದ ಎಳೆ ಗಂಟು ಹಾಕಲು ಬಾರದ ತನ್ನ ಕೈ ನೋಡಿ ಆ ನೇಕಾರ ಎಷ್ಟು ಹೆದರಿರಬೇಕು! ಬಿಡಿಸುವುದು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರಿಗೇ ಆಗಬೇಕು.

ಅವರು ಬರಲು ಒಪ್ಪದಿದ್ದರೆ? ನೀವು ಹೋಗಿ. ಕುಡುಕರ ಹೆಂಡತಿಗೂ ನೆರವು ಬೇಕೆಂದು ಕಂಡುಕೊಂಡ ಅಮೆರಿಕದ ಹೆಂಗಸರು 1951ರಲ್ಲೇ ಅಲ್-ಅನಾನ್ ಎಂಬ ಪ್ರತ್ಯೇಕ ಬಳಗ ಕಟ್ಟಿದರು. ನಮ್ಮಲ್ಲಿ ಇನ್ನೂ "ಕುಡಿಯುವವನು ಅವನು, ನಾನೇಕೆ ಹೋಗಲಿ" ಎನ್ನುತ್ತೇವೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹತ್ತಿರದ ಸರಕಾರಿ ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಅಲ್ಲೇ ಕೇಳಿ.

ಆದರೆ ಇವೆಲ್ಲ ನಾಳೆಯ ಮಾತು. ಇವತ್ತಿನ ಕೆಲಸ ಒಂದೇ: ಮಗಳ ಕೈಯಿಂದ ಪೊಟ್ಟಣ ತೆಗೆದುಕೊಳ್ಳಿ. ಎಸೆಯಬೇಡಿ, ವೈದ್ಯರಿಗೆ ತೋರಿಸಬೇಕು. "ನಿನ್ನದೇನೂ ತಪ್ಪಿಲ್ಲ, ಮಾಡಿಸಿದವರು ನಾವು" ಎಂದು ಅವಳಿಗೆ ಬಾಯಿಬಿಟ್ಟು ಹೇಳಿ. ಗಂಡ ಕುಡಿಯದೆ ಇರುವ ಬೆಳಗಿನ ಹೊತ್ತಿನಲ್ಲಿ, ಪುಡಿ ಹಾಕಿದ್ದು ನಾವು, ಇನ್ನೆರಡು ವಾರದೊಳಗೆ ಕುಡಿದರೆ ಜೀವಕ್ಕೆ ಅಪಾಯ, ಹಾಗೆಂದು ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಅದಕ್ಕೇ ಇವತ್ತೇ ಆಸ್ಪತ್ರೆಗೆ ನಡೆಯಿರಿ ಎಂದು ಹೇಳಿ. ಬೈಯುತ್ತಾರೆ, ಬೈಯಲಿ. ಹೊಡೆಯುವ ಸ್ವಭಾವವಿದ್ದರೆ ಮಾತ್ರ ಒಬ್ಬರೇ ಹೇಳಬೇಡಿ, ಭಾವನವರನ್ನೇ ಎದುರು ಕೂರಿಸಿ. ಆ ಕೆಲಸಕ್ಕಾದರೂ ಅವರು ಬರಲಿ.

ರಾತ್ರಿಯ ಊಟ ನೀವೇ ಬಡಿಸಿ. ಹುಡುಗಿ ಓದುತ್ತ ಕೂತಿರಲಿ.